ನೋಟದ ಋಣ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಕನ್ನಡದಲ್ಲಿ ಮನೆಮಾತಾಗಿರುವ ಗಾದೆ. ಸುತ್ತುವವನಿಗೂ ಓದುವವನಿಗೂ ಲಾಭವುಂಟೆಂಬುದನ್ನು ಅದು ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸುತ್ತದೆ. ಆದರೆ ಸುತ್ತಿಸಿಕೊಂಡ ದೇಶಕ್ಕೆ ಆಗುವುದೇನೆಂಬ ವಿಷಯದಲ್ಲಿ ಗಾದೆಯು ಮೌನವಾಗಿದೆ. ಅದು ಹುಟ್ಟಿದ ಕಾಲಕ್ಕೆ ಈ ಮೌನವು ದೋಷವಾಗಿರಲಿಲ್ಲ. ಆಗ ದೇಶ ಸುತ್ತುವವರು ಕೆಲವೇ ಮಂದಿ, ದಾರಿಯು ದುರ್ಗಮ, ಹೋದವನು ಹಿಂದಿರುಗಿದರೆ ಅದೇ ಪುಣ್ಯ. ಅಂಥವನ ಹೆಜ್ಜೆಯಿಂದ ನೆಲಕ್ಕೆ ಏನು ತಾನೆ ಆದೀತು? ಈಗ ಕಾಲವು ಬೇರೆಯಾಗಿದೆ. ಕೋಶವನ್ನು ಎಷ್ಟು ಸಾವಿರ ಮಂದಿ ಓದಿದರೂ ಅದರ ಅರ್ಥವು ಸವೆಯುವುದಿಲ್ಲ. ದೇಶವಾದರೋ ಸವೆಯುತ್ತದೆ. ಮೆಟ್ಟಿಲು ಸವೆಯುತ್ತದೆ, ಗೋಡೆಯ ಬಣ್ಣ ಸವೆಯುತ್ತದೆ, ಕೊನೆಗೆ ಅಲ್ಲಿನವರ ತಾಳ್ಮೆಯೂ ಸವೆಯುತ್ತದೆ. ಹೀಗಿರಲು, ನೋಡುವವನಿಗೂ ಅವನು ನೋಡುವ ನಾಡಿಗೂ ನಡುವೆ ಇರತಕ್ಕ ಧರ್ಮವಾವುದು ಎಂಬುದು ವಿಚಾರಕ್ಕೆ ಅರ್ಹವಾದ ಪ್ರಶ್ನೆಯಾಗಿದೆ.

ಈ ಪ್ರಶ್ನೆಯನ್ನು ಪರೀಕ್ಷಿಸಲು ಇಟಲಿಗಿಂತ ತಕ್ಕ ನೆಲವು ದೊರೆಯುವುದು ಕಷ್ಟ. ಯೂರೋಪಿನ ರಸಿಕರಿಗೆ ಶತಮಾನಗಳಿಂದಲೂ ಅದು ಯಾತ್ರಾಸ್ಥಳ. 1786ರ ಸೆಪ್ಟೆಂಬರಿನಲ್ಲಿ ಜರ್ಮನ್ ಕವಿ ಗಯಟೆಯು ಗೆಳೆಯರಿಗೆ ಸುಳಿವು ಕೊಡದೆ, ಹೆಸರನ್ನು ಮರೆಸಿಕೊಂಡು ಹೊರಟು, ಎರಡು ವರ್ಷಗಳಿಗೆ ತುಸು ಕಡಮೆಯಾದ ಕಾಲವನ್ನು ಆ ದೇಶದಲ್ಲಿ ಕಳೆದನು. ಇಂದಿನ ಯಾತ್ರಿಕನಿಗೆ ಅಷ್ಟು ಬಿಡುವಿಲ್ಲ. ಹತ್ತು ಹನ್ನೆರಡು ಮಂದಿಯ ಚಿಕ್ಕ ತಂಡ, ಬಲ್ಲವನಾದ ಒಬ್ಬ ಮಾರ್ಗದರ್ಶಕ, ಹತ್ತು ದಿನದ ಅವಧಿ. ಪಾಡುವಾದಲ್ಲಿ ಭಿತ್ತಿಚಿತ್ರ, ಫ್ಲಾರೆನ್ಸಿನಲ್ಲಿ ಚಿತ್ರಶಾಲೆ ಮತ್ತು ಊಟ, ಲಿಗೂರಿಯದ ತೀರದಲ್ಲಿ ಕಡಲಂಚಿನ ಹಳ್ಳಿಗಳು, ಎಂಬುದು ಇಂಥ ಯಾತ್ರೆಯ ವಾಡಿಕೆಯ ಕ್ರಮ. ಬಾವುಟ ಹಿಡಿದವನ ಹಿಂದೆ ಓಡುವ ನೂರಾರು ಜನರ ಗುಂಪಿಗೆ ತಾವು ಸೇರಿದವರಲ್ಲ, ತಾವು ಸಂಸ್ಕೃತಿಯನ್ನು ಅರಿಯಬಂದವರು ಎಂಬ ಭಾವನೆಯು ಇಂಥ ತಂಡದವರಲ್ಲಿ ಇರುವುದು ಸಹಜ. ಆ ಭಾವನೆಯಲ್ಲಿ ಎಷ್ಟು ಸತ್ಯವಿದೆ? ಒಂದು ನಾಡಿನ ಚೆಲುವನ್ನು ಕಂಡು, ಅದರ ಅನ್ನವನ್ನು ಉಂಡು, ಅದರ ದಡದಲ್ಲಿ ಮಲಗೆದ್ದು ಹೊರಡುವವನು, ತೆರಬೇಕಾದ ಹಣವನ್ನು ತೆತ್ತ ಮಾತ್ರಕ್ಕೆ ಋಣಮುಕ್ತನಾದನೆ?

ಮೊದಲು ಪಾಡುವಾ ನಗರದ ಸ್ಕ್ರೊವೇನಿ ಮಂದಿರವನ್ನು ತೆಗೆದುಕೊಳ್ಳಬಹುದು. ಹೊರಗಿನಿಂದ ಅದು ಇಟ್ಟಿಗೆಯ ಒಂದು ಸಾಧಾರಣ ಕಟ್ಟಡ. ಒಳಗೆ ಗೋಡೆಗಳ ತುಂಬ ಜೊತ್ತೊ ಎಂಬ ಮಹಾಚಿತ್ರಕಾರನು ಸುಮಾರು 1303ರಿಂದ 1305ರವರೆಗೆ ಬರೆದ ಚಿತ್ರಗಳು. ಮೇಲೆ ಚಿನ್ನದ ನಕ್ಷತ್ರಗಳನ್ನು ಚೆಲ್ಲಿದ ನೀಲಿಯ ಮಾಳಿಗೆ. ಮಡಿದ ಮಗನ ಮೇಲೆ ಬಾಗಿದ ತಾಯಿಯ ಮುಖದಲ್ಲಿ ಮೊಟ್ಟಮೊದಲು ಮನುಷ್ಯನ ದುಃಖವು ಮನುಷ್ಯನ ದುಃಖವಾಗಿಯೇ ಕಾಣಿಸಿಕೊಂಡದ್ದು ಇಲ್ಲಿ ಎಂದು ಕಲಾವಿಮರ್ಶಕರು ಹೇಳುವುದುಂಟು. ಇದನ್ನು ನೋಡಬಂದವನಿಗೆ ನೇರವಾಗಿ ಪ್ರವೇಶವಿಲ್ಲ. ಇಪ್ಪತ್ತೈದು ಮಂದಿಯನ್ನು ಒಟ್ಟಿಗೆ ಗಾಜಿನ ಒಂದು ಕೊಠಡಿಯಲ್ಲಿ ಸುಮಾರು ಕಾಲು ಗಂಟೆ ಕೂರಿಸುತ್ತಾರೆ. ಅವರ ಮೈಗೂ ಬಟ್ಟೆಗೂ ಅಂಟಿದ ಧೂಳು ಮತ್ತು ತೇವವು ಅಲ್ಲಿ ತಗ್ಗಿ, ಒಳಗಣ ಗಾಳಿಗೆ ಅವರ ಗಾಳಿಯು ಹೊಂದಿಕೊಂಡ ಬಳಿಕ ಬಾಗಿಲು ತೆರೆಯುತ್ತದೆ. ಒಳಗಿರಲು ದೊರೆಯುವ ಕಾಲವೂ ಹೆಚ್ಚುಕಡಮೆ ಅಷ್ಟೇ. 2000ನೆಯ ಇಸವಿಯಿಂದ ಈ ಏರ್ಪಾಡು ನಡೆದಿದೆ. ಕಾರಣವು ಸರಳವಾದುದು. ನೋಡುವವನು ಉಸಿರಾಡುತ್ತಾನೆ, ಉಸಿರಿನಲ್ಲಿ ತೇವವಿದೆ, ತೇವವು ಹೊರಗಿನ ಹೊಗೆಯೊಡನೆ ಕೂಡಿ ಗೋಡೆಯ ಗಾರೆಯನ್ನು ತಿನ್ನುತ್ತದೆ, ಬಣ್ಣವನ್ನು ಬಿಡಿಸುತ್ತದೆ.

ಚೆಲುವಾದ ಮಗುವನ್ನು ಯಾರಾದರೂ ದಿಟ್ಟಿಸಿ ನೋಡಿದರೆ ದೃಷ್ಟಿ ತಾಗುತ್ತದೆಂದು ಹಳ್ಳಿಯ ಮುದುಕಿಯರು ಅಂಜುತ್ತಿದ್ದರು. ಓದಿದವರು ಅದನ್ನು ಮೂಢನಂಬಿಕೆಯೆಂದು ನಕ್ಕರು. ಪಾಡುವಾದ ಗೋಡೆಯ ಮುಂದೆ ವಿಜ್ಞಾನಿಗಳೇ ನಿಂತು, ನೋಟವು ತಾಗುತ್ತದೆ, ನೋಡುವವನ ಕೇಡಿಲ್ಲದ ಮನಸ್ಸಿನಿಂದ ಆ ತಾಗುವಿಕೆಯು ತಪ್ಪುವುದಿಲ್ಲ ಎಂದು ಅಳತೆ ಮಾಡಿ ತೋರಿಸಿದ್ದಾರೆ. ಇಲ್ಲಿ ದುಷ್ಟನೂ ಇಲ್ಲ, ಕಳ್ಳನೂ ಇಲ್ಲ. ಜೊತ್ತೊನ ಚಿತ್ರಕ್ಕೆ ಕೈಮುಗಿದು ಕಣ್ಣೀರು ತಂದುಕೊಂಡ ಭಕ್ತನ ಉಸಿರಿಗೂ, ಆಕಳಿಸುತ್ತ ನಿಂತವನ ಉಸಿರಿಗೂ ಗೋಡೆಯು ಭೇದವನ್ನೆಣಿಸದು. ಹಾನಿಯನ್ನು ಮಾಡಬೇಕೆಂಬ ಸಂಕಲ್ಪವಿಲ್ಲದವನಿಂದಲೂ ಹಾನಿಯಾಗುವುದಾದರೆ ಅವನನ್ನು ಅಪರಾಧಿಯೆನ್ನಲಾಗದು, ನಿಜ. ಆದರೆ ಅವನು ಸಾಲಗಾರನೆನ್ನಬಹುದು. ಅಪರಾಧಕ್ಕೆ ಸಂಕಲ್ಪ ಬೇಕು; ಋಣಕ್ಕೆ ಬೇಡ. ಹುಟ್ಟಿದವನು ತಾನು ಕೇಳದೆಯೇ ಋಣಿಯಾಗಿ ಹುಟ್ಟುತ್ತಾನೆಂದು ಹಿರಿಯರು ಹೇಳಿದುದರ ಅಭಿಪ್ರಾಯವೂ ಇದೇ.

ಆ ಮಂದಿರದ ಕಥೆಯೇ ಸಾಲದ ಕಥೆಯೆಂಬುದು ಗಮನಿಸತಕ್ಕ ಸಂಗತಿ. ಅದನ್ನು ಕಟ್ಟಿಸಿದ ಎನ್ರಿಕೊ ಸ್ಕ್ರೊವೇನಿಯ ತಂದೆಯು ಬಡ್ಡಿಯ ವ್ಯಾಪಾರದಿಂದ ಹೆಸರು ಕೆಡಿಸಿಕೊಂಡವನು. ಡಾಂಟೆ ಕವಿಯು ತನ್ನ ಕಾವ್ಯದ ನರಕದಲ್ಲಿ ಬಡ್ಡಿಗಾರರ ನಡುವೆ ಕೂರಿಸಿದ ಪಾಡುವಾದ ಮನುಷ್ಯನು ಈತನೇ ಎಂದು ವ್ಯಾಖ್ಯಾನಕಾರರು ಗುರುತಿಸಿದ್ದಾರೆ. ತಂದೆಯ ಪಾಪವನ್ನು ಕಳೆಯಲು ಮಗನು ಮಂದಿರವನ್ನು ಕಟ್ಟಿಸಿದನೆಂಬುದು ಬಹುಕಾಲದಿಂದ ಬಂದ ಅಭಿಪ್ರಾಯ. ಬಾಗಿಲ ಗೋಡೆಯ ಮೇಲೆ ಜೊತ್ತೊ ಬರೆದ ಅಂತಿಮ ತೀರ್ಪಿನ ಚಿತ್ರದಲ್ಲಿ ಎನ್ರಿಕೊ ಮೊಣಕಾಲೂರಿ ಮಂದಿರವನ್ನು ಅರ್ಪಿಸುತ್ತಿದ್ದಾನೆ. ಅದೇ ಚಿತ್ರದ ನರಕಭಾಗದಲ್ಲಿ ಬಡ್ಡಿಗಾರರು ತಮ್ಮ ಹಣದ ಚೀಲದ ಹಗ್ಗದಿಂದಲೇ ನೇತಾಡುತ್ತಿದ್ದಾರೆ. ಆದರೆ ಪಕ್ಕದ ಎರೆಮಿತಾನಿ ಮಠದ ಸನ್ಯಾಸಿಗಳಿಗೆ ಈ ಪ್ರಾಯಶ್ಚಿತ್ತವು ರುಚಿಸಲಿಲ್ಲ. ಇದು ದೇವರ ಸೇವೆಯಲ್ಲ, ಆಡಂಬರ ಎಂಬ ಅರ್ಥದಲ್ಲಿ ಅವರು 1305ರಲ್ಲಿ ದೂರನ್ನೇ ಕೊಟ್ಟರು. ಋಣವನ್ನು ತೀರಿಸಲು ಹೊರಟವನು ಆ ತೀರಿಸುವಿಕೆಯನ್ನೇ ಹೆಮ್ಮೆಗೆ ಕಾರಣವಾಗಿ ಮಾಡಿಕೊಳ್ಳಬಹುದೆಂಬ ಎಚ್ಚರಿಕೆಯು ಆ ದೂರಿನಲ್ಲಿ ಅಡಗಿದೆ. ಅದು ಏಳುನೂರು ವರ್ಷದ ಬಳಿಕ ಬರುವ ಚಿಕ್ಕ ತಂಡಕ್ಕೂ ಅನ್ವಯಿಸುವ ಮಾತು.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ನೋಟದಿಂದ ಹಾನಿಯಾಗುವುದೆಂದು ಹೆದರಿ ಬಾಗಿಲು ಹಾಕಿದರೆ ಚಿತ್ರವು ಉಳಿದೀತು, ಆದರೆ ಯಾರಿಗಾಗಿ? ಕಾಣದ ಚೆಲುವಿಗೂ ಇಲ್ಲದ ಚೆಲುವಿಗೂ ವ್ಯತ್ಯಾಸವೇನು? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಮೇಲೆ ಹೇಳಿದ ಎರೆಮಿತಾನಿ ಮಠದ ದೇವಾಲಯದಲ್ಲಿ ಮಾಂತೆನ್ಯ ಎಂಬ ಚಿತ್ರಕಾರನು ಹದಿನೈದನೆಯ ಶತಮಾನದಲ್ಲಿ ಬರೆದ ಗೋಡೆಚಿತ್ರಗಳಿದ್ದವು. ಗಯಟೆಯು 1786ರಲ್ಲಿ ಅವುಗಳ ಮುಂದೆ ನಿಂತು ಬೆರಗಾಗಿದ್ದನು. 1944ರ ಮಾರ್ಚ್ 11ರಂದು, ಯುದ್ಧಕಾಲದಲ್ಲಿ, ಆ ದೇವಾಲಯದ ಮೇಲೆ ಬಾಂಬು ಬಿದ್ದು ಚಿತ್ರಗಳಲ್ಲಿ ಬಹುಭಾಗವು ಸಾವಿರಾರು ಚೂರುಗಳಾಯಿತು. ಕೂಗಳತೆಯಲ್ಲಿದ್ದ ಜೊತ್ತೊನ ಗೋಡೆಗಳು ಉಳಿದುವು. ಶತಮಾನಗಳ ಉಸಿರು ಮಾಡದಿದ್ದ ಕೇಡನ್ನು ಒಂದು ಗಳಿಗೆಯ ಬಾಂಬು ಮಾಡಿತು. ಅಷ್ಟೇ ಅಲ್ಲ, ಹೆಕ್ಕಿಟ್ಟ ಚೂರುಗಳನ್ನು ಮತ್ತೆ ಗೋಡೆಯ ಮೇಲೆ ತಮ್ಮ ತಮ್ಮ ಸ್ಥಾನಕ್ಕೆ ಸೇರಿಸಲು, ಹಲವು ದಶಕಗಳ ಬಳಿಕ, ಗಣಿತಜ್ಞರಿಗೆ ನೆರವಾದುವು ಯುದ್ಧಕ್ಕೆ ಮೊದಲು ತೆಗೆದಿದ್ದ ಹಳೆಯ ಫೋಟೋಗಳು. ಅಂದರೆ ಹಿಂದೆ ಯಾರೋ ಬಂದು ಗಮನವಿಟ್ಟು ನೋಡಿ ಹಿಡಿದಿಟ್ಟುಕೊಂಡಿದ್ದುದೇ ಉಳಿವಿಗೆ ಆಧಾರವಾಯಿತು. ಆದುದರಿಂದ ನೋಟವು ಕೆಡಿಸುತ್ತದೆಂಬುದು ಹೇಗೆ ದಿಟವೋ, ನೋಟವು ಕಾಯುತ್ತದೆಂಬುದೂ ಹಾಗೆಯೇ ದಿಟ. ಪ್ರಶ್ನೆಯು ನೋಡಬೇಕೆ ಬೇಡವೆ ಎಂಬುದಲ್ಲ. ಯಾವ ಬಗೆಯ ನೋಟವು ಕಾಯುತ್ತದೆ ಎಂಬುದು.

ಫ್ಲಾರೆನ್ಸಿಗೆ ಬಂದರೆ ಇನ್ನೊಂದು ವಾದವು ಎದುರಾಗುತ್ತದೆ. ಇಲ್ಲಿ ಯಾತ್ರಿಕನು ಕರೆಯದೆ ಬಂದವನಲ್ಲ. ಮೆದಿಚಿ ವಂಶದ ಕೊನೆಯ ಹೆಣ್ಣುಮಗಳು ಆನ್ನಾ ಮರಿಯಾ ಲುಯಿಸಾ 1737ರಲ್ಲಿ, ರಾಜ್ಯವು ಬೇರೆ ಮನೆತನಕ್ಕೆ ಹೋಗುವ ಹೊತ್ತಿಗೆ, ತನ್ನವರು ಕೂಡಿಟ್ಟ ಕಲಾಸಂಪತ್ತು ಆ ನಗರವನ್ನು ಬಿಟ್ಟು ಹೊರಗೆ ಹೋಗಕೂಡದೆಂಬ ಒಪ್ಪಂದವನ್ನು ಮಾಡಿಸಿದಳು. ರಾಜ್ಯಕ್ಕೆ ಅಲಂಕಾರವಾಗಲಿ, ಜನಕ್ಕೆ ಉಪಯೋಗವಾಗಲಿ, ಪರದೇಶದವರ ಕುತೂಹಲವನ್ನು ಸೆಳೆಯಲಿ ಎಂಬ ಮೂರು ಉದ್ದೇಶಗಳು ಅದರಲ್ಲಿದ್ದುವು. ಉಫಿತ್ಸಿ ಚಿತ್ರಶಾಲೆಯು 1769ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಮನೆಯೊಡತಿಯೇ ಬಾಗಿಲಲ್ಲಿ ನಿಂತು ಪರದೇಶದವರು ಬರಲೆಂದು ಬಯಸಿದಮೇಲೆ ಬಂದವನ ಮೇಲೆ ಸಾಲವನ್ನು ಹೊರಿಸುವುದು ನ್ಯಾಯವೆ? ನ್ಯಾಯವೇ ಸರಿ. ಕರೆದ ಮನೆಯಲ್ಲಿ ಉಂಡವನಿಗೆ ಹೊಣೆಯು ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಅದೂ ಅಲ್ಲದೆ ಒಪ್ಪಂದದಲ್ಲಿ ಪರದೇಶದವರ ಕುತೂಹಲಕ್ಕೆ ದೊರೆತುದು ಮೂರನೆಯ ಸ್ಥಾನ. ಜನರ ಉಪಯೋಗವು ಅದಕ್ಕೆ ಮೊದಲು. ಬಂದವರಿಗೆ ಕೋಣೆ ಬಾಡಿಗೆ ಕೊಡುವ ಭರದಲ್ಲಿ ಊರಿನವನಿಗೇ ಮನೆ ದೊರೆಯದ ಸ್ಥಿತಿಯು ಈ ನಗರದಲ್ಲಿ ಒದಗಿದಾಗ, ಆಕೆ ಇಟ್ಟ ಕ್ರಮವು ತಲೆಕೆಳಗಾಯಿತೆಂದೇ ಹೇಳಬೇಕು.

ಇನ್ನು ಊಟದ ವಿಷಯ. ಕಲೆಯನ್ನು ಕಣ್ಣಿನಿಂದ ಮಾತ್ರ ಮುಟ್ಟುವುದು. ಅನ್ನವಾದರೋ ಒಳಗಿಳಿದು ದೇಹವೇ ಆಗುತ್ತದೆ. ಆದುದರಿಂದ ಒಂದು ನಾಡಿನ ಊಟವು ಆ ನಾಡಿನೊಡನೆ ನಡೆಯುವ ಹೆಚ್ಚು ಹತ್ತಿರದ ವ್ಯವಹಾರ. ಫ್ಲಾರೆನ್ಸಿನ ಸೀಮೆಯಲ್ಲಿ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಅದು ಬೇಗ ಒಣಗುತ್ತದೆ. ಒಣಗಿದುದನ್ನು ಎಸೆಯುವ ಶಕ್ತಿಯು ರೈತನಿಗಿರಲಿಲ್ಲ. ಕೋಸಿನ ಜಾತಿಯ ಕಪ್ಪು ಸೊಪ್ಪು, ಬಿಳಿಯ ಕಾಳು, ತಂಗಳು ರೊಟ್ಟಿ ಇವನ್ನು ಕೂಡಿಸಿ ಕುದಿಸಿ, ಮಾರನೆಯ ದಿನ ಮತ್ತೆ ಕುದಿಸಿ ಉಣ್ಣುತ್ತಿದ್ದನು. ಆ ಅಡುಗೆಯ ಹೆಸರಿನ ಅರ್ಥವೇ ಮತ್ತೆ ಕುದಿಸಿದ್ದು ಎಂದು. ಇಂದು ಅದೇ ರಿಬೊಲ್ಲೀತವನ್ನು ಒಳ್ಳೆಯ ಬಟ್ಟಲಿನಲ್ಲಿ ಬಡಿಸುತ್ತಾರೆ. ಯಾತ್ರಿಕನು ಇದೇ ನಿಜವಾದ ಇಟಲಿಯ ರುಚಿ ಎಂದು ಮೆಚ್ಚಿ ಉಣ್ಣುತ್ತಾನೆ. ಮೆಚ್ಚುವುದು ತಪ್ಪಲ್ಲ. ಆದರೆ ಒಬ್ಬರ ಬಡತನವು ಇನ್ನೊಬ್ಬರ ರುಚಿಯಾಗುವಾಗ ನಡುವೆ ಏನೋ ಒಂದು ಮರೆತುಹೋಗುತ್ತದೆ. ಆ ಬಟ್ಟಲಿನ ಬೆಲೆಯಲ್ಲಿ ಸೊಪ್ಪಿನ ಬೆಲೆಯುಂಟು, ಎಣ್ಣೆಯ ಬೆಲೆಯುಂಟು, ಅಡುಗೆಯವನ ಕೂಲಿಯುಂಟು. ಹಸಿವಿನ ಎದುರು ಸೋಲದೆ ತಂಗಳನ್ನು ರುಚಿಯಾಗಿ ಮಾಡಿದ, ಹೆಸರಿಲ್ಲದ ಎಷ್ಟೋ ತಲೆಮಾರಿನ ಹೆಂಗಸರ ಜಾಣ್ಮೆಗೆ ಬೆಲೆಯು ಅದರಲ್ಲಿಲ್ಲ. ಅದನ್ನು ಕೇಳಲು ಅವರು ಇಲ್ಲ. ಕೊಡಲು ನಾಣ್ಯವೂ ಇಲ್ಲ.

ಹಾಗೆಂದು ಪರದೇಶದವನು ಬಂದುದರಿಂದ ಅಡುಗೆಯು ಕುಲಗೆಟ್ಟಿತೆಂದು ಕೊರಗುವುದೂ ಅವಿವೇಕ. ಇಟಲಿಯ ಅಡುಗೆಯೆಂದರೆ ಲೋಕವೆಲ್ಲ ನೆನೆಯುವ ಟೊಮೇಟೊ ಹಣ್ಣು ಆ ದೇಶದ್ದಲ್ಲ; ಅದು ಹದಿನಾರನೆಯ ಶತಮಾನದಲ್ಲಿ ಅಮೆರಿಕದಿಂದ ಬಂದದ್ದು. ಲಿಗೂರಿಯದವರು ಕಾಮಕಸ್ತೂರಿಯ ಸೊಪ್ಪು, ಬೆಳ್ಳುಳ್ಳಿ, ಪೈನ್ ಮರದ ಬೀಜ, ಚೀಸ್, ಆಲಿವ್ ಎಣ್ಣೆ ಇವನ್ನು ಒರಳಿನಲ್ಲಿ ಅರೆದು ಮಾಡುವ ಪೆಸ್ತೋ ಚಟ್ನಿಯೊಡನೆ ಬೇಯಿಸಿ ಹಾಕುವ ಆಲೂಗಡ್ಡೆಯೂ ಹಾಗೆಯೇ ಹೊರಗಿನದು. ಬಂದುದನ್ನು ತನ್ನದಾಗಿ ಮಾಡಿಕೊಳ್ಳುವ ಬಲವಿರುವವರೆಗೆ ಯಾವ ನಾಡಿಗೂ ಅತಿಥಿಯಿಂದ ಭಯವಿಲ್ಲ. ಭಯವಿರುವುದು, ಬಂದವನ ನಾಲಗೆಗೆ ತಕ್ಕಂತೆ ತನ್ನನ್ನು ತಾನೇ ನಟಿಸಿಕೊಳ್ಳಬೇಕಾಗಿ ಬಂದಾಗ. ಅತಿಥಿಯೆಂಬ ಮಾತಿಗೆ ತಿಥಿಯನ್ನು ಗೊತ್ತುಮಾಡದೆ ಬರುವವನೆಂದು ಹಿರಿಯರು ಅರ್ಥ ಹೇಳುತ್ತಾರೆ. ಈ ಯಾತ್ರಿಕನಿಗೋ ತಿಥಿ, ಗಳಿಗೆ, ನಿಮಿಷ ಎಲ್ಲವೂ ಮೊದಲೇ ನಿಶ್ಚಿತ. ಆದುದರಿಂದ ಅವನನ್ನು ಅತಿಥಿಯೆಂದು ಕರೆಯುವುದಕ್ಕೂ ಸ್ವಲ್ಪ ಸಂಕೋಚಪಡಬೇಕಾಗಿದೆ. ಅವನು ಅತಿಥಿಯಲ್ಲದಿದ್ದರೆ ಬರಿಯ ಗಿರಾಕಿಯೆ? ಗಿರಾಕಿಯ ಧರ್ಮವು ಬೆಲೆ ಕೊಟ್ಟ ಕೂಡಲೆ ಮುಗಿಯುತ್ತದೆ. ಇಲ್ಲಿಯೇ ವಿಷಯವು ಕಠಿನವಾಗುತ್ತದೆ.

ಅದರ ಕಾಠಿನ್ಯವು ಚೆನ್ನಾಗಿ ತಿಳಿಯಬೇಕಾದರೆ ಕಡಲ ತೀರಕ್ಕೆ ಹೋಗಬೇಕು. ಲಿಗೂರಿಯದ ಬಂಡೆಗಳಿಗೆ ಅಂಟಿಕೊಂಡು ಮೊಂತೆರೊಸ್ಸೊ, ವೆರ್ನಾತ್ಸ, ಕೊರ್ನೀಲ್ಯ, ಮನರೋಲ, ರಿಯೊಮಜ್ಜೋರೆ ಎಂಬ ಐದು ಹಳ್ಳಿಗಳಿವೆ. ಅವಕ್ಕೆ ಒಟ್ಟಾಗಿ ಚಿಂಕ್ವೆ ತೆರ್ರೆ, ಅಂದರೆ ಪಂಚಭೂಮಿ, ಎಂದು ಹೆಸರು. ನೇರವಾಗಿ ಕಡಲಿಗಿಳಿಯುವ ಬೆಟ್ಟವನ್ನು ಅಲ್ಲಿನವರು ಸುಮಾರು ಸಾವಿರ ವರ್ಷದಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಪ್ರತಿ ಮೆಟ್ಟಿಲಿಗೂ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆಯೆಬ್ಬಿಸಿ, ಹಿಂದೆ ಮಣ್ಣು ತುಂಬಿ, ದ್ರಾಕ್ಷಿಯನ್ನೂ ಆಲಿವ್ ಮರವನ್ನೂ ಬೆಳೆಸಿದರು. ಗೋಡೆಗೆ ಗಾರೆಯಿಲ್ಲದಿರುವುದು ಬಡತನದಿಂದ ಮಾತ್ರವಲ್ಲ. ಮಳೆಯ ನೀರು ಕಲ್ಲಿನ ಸಂದಿನಿಂದ ಬಸಿದುಹೋಗಬೇಕು. ನಿಂತರೆ ಬೆಟ್ಟವೇ ಜಾರುತ್ತದೆ. ಇಂಥ ಗೋಡೆಗೆ ಒಂದೇ ಒಂದು ಷರತ್ತು: ವರ್ಷವರ್ಷವೂ ಬಿದ್ದ ಕಲ್ಲನ್ನು ಎತ್ತಿಡುವ ಕೈ ಇರಬೇಕು. ಆ ಗೋಡೆಗಳ ಚೆಲುವಿಗಾಗಿಯೇ ಯುನೆಸ್ಕೊ ಸಂಸ್ಥೆಯು 1997ರಲ್ಲಿ ಈ ತೀರವನ್ನು ಲೋಕದ ಸೊತ್ತೆಂದು ಪಟ್ಟಿಗೆ ಸೇರಿಸಿತು. ಗಾರೆಯಿಲ್ಲದೆ ಕಲ್ಲು ಕಟ್ಟುವ ಕಲೆಯೂ 2018ರಲ್ಲಿ, ಇಟಲಿಯೂ ಸೇರಿ ಎಂಟು ದೇಶಗಳ ಹೆಸರಿನಲ್ಲಿ, ಅದೇ ಸಂಸ್ಥೆಯ ಇನ್ನೊಂದು ಪಟ್ಟಿಗೆ ಸೇರಿತು.

ಪಟ್ಟಿಗೆ ಸೇರಿದ್ದನ್ನು ಕಂಡು ಜನರು ಬಂದರು. ವರ್ಷಕ್ಕೆ ಲಕ್ಷಗಟ್ಟಲೆಯಾಗಿ ಬಂದರು. ಹಳ್ಳಿಯವನು ಲೆಕ್ಕ ಹಾಕಿದನು. ಬುಟ್ಟಿಯನ್ನು ಬೆನ್ನಿಗೇರಿಸಿ ಬೆಟ್ಟ ಹತ್ತಿ ದ್ರಾಕ್ಷಿಯನ್ನು ಇಳಿಸಿದರೆ ವರ್ಷಕ್ಕೆ ದೊರೆಯುವುದೆಷ್ಟು, ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟರೆ ದೊರೆಯುವುದೆಷ್ಟು? ಹೊಲವನ್ನು ಬಿಡುವ ಕೆಲಸವು ಯಾತ್ರಿಕರು ಬರುವುದಕ್ಕೆ ಮೊದಲೇ ಆರಂಭವಾಗಿತ್ತು. ರೈಲುದಾರಿಯು ಬಂದ 1870ರ ದಶಕದಿಂದಲೂ ಜನರು ಬಂದರು, ಕಾರ್ಖಾನೆ, ಪರದೇಶ ಎಂದು ಇಳಿದುಹೋಗುತ್ತಿದ್ದರು. ಉಳಿದವರನ್ನು ಗೋಡೆಯಿಂದ ಕೋಣೆಗೆ ಇಳಿಸಿದುದು ಯಾತ್ರಿಕನ ಹಣ. ಹಿಂದೆ ಇದ್ದ ದ್ರಾಕ್ಷಿತೋಟದಲ್ಲಿ ಈಗ ಉಳಿದಿರುವುದು ಒಂದು ಸಣ್ಣ ಅಂಶ. ಎತ್ತುವ ಕೈ ಇಲ್ಲದ ಕಡೆ ಕಲ್ಲು ಬಿತ್ತು. ಕಲ್ಲು ಬಿದ್ದಲ್ಲಿ ಮಣ್ಣು ಸಡಲಿತು. 2011ರ ಅಕ್ಟೋಬರ್ 25ರಂದು ಸುರಿದ ಭಾರಿ ಮಳೆಗೆ ಬೆಟ್ಟದ ಕೆಸರೂ ಕಲ್ಲೂ ವೆರ್ನಾತ್ಸ ಮತ್ತು ಮೊಂತೆರೊಸ್ಸೊ ಹಳ್ಳಿಗಳ ಬೀದಿಗಿಳಿದು, ಮನೆಗಳ ಮೊದಲ ಅಂತಸ್ತಿನವರೆಗೆ ತುಂಬಿಕೊಂಡಿತು, ಪ್ರಾಣಹಾನಿಯೂ ಆಯಿತು. ಮಳೆಯ ಬಿರುಸೇ ಮುಖ್ಯ ಕಾರಣವೆಂಬುದು ದಿಟ. ಹಾಳುಬಿದ್ದ ಮೆಟ್ಟಿಲುಹೊಲಗಳು ಅದಕ್ಕೆ ದಾರಿ ಬಿಟ್ಟುಕೊಟ್ಟುವೆಂಬುದೂ ದಿಟ. ಮರುವರ್ಷ, 2012ರ ಸೆಪ್ಟೆಂಬರಿನಲ್ಲಿ, ರಿಯೊಮಜ್ಜೋರೆ ಮತ್ತು ಮನರೋಲಗಳ ನಡುವಣ ಪ್ರೇಮಪಥವೆಂಬ ಕಾಲುದಾರಿಯ ಮೇಲೆ ಬಂಡೆಯುರುಳಿ ಯಾತ್ರಿಕರು ಗಾಯಗೊಂಡರು. ಆ ದಾರಿಯು ಮತ್ತೆ ತೆರೆದುದು 2024ರಲ್ಲಿ. ಅದೂ ಶುಲ್ಕ ತೆತ್ತು, ಮೊದಲೇ ಸಮಯವನ್ನು ಗೊತ್ತುಮಾಡಿಕೊಂಡವರಿಗೆ ಮಾತ್ರ.

ಹಾಗಾದರೆ ಹಳ್ಳಿಯವನು ತಪ್ಪು ಮಾಡಿದನೆ? ಎಂದಿಗೂ ಇಲ್ಲ. ಬೆನ್ನು ಬಾಗುವ ದುಡಿಮೆಯಿಂದ ಬಿಡುಗಡೆಯನ್ನು ಬಯಸುವುದು ಯಾರಿಗೂ ಪಾಪವಲ್ಲ. ದೋಣಿಯಲ್ಲಿ ಕುಳಿತು ಬೆಟ್ಟವನ್ನು ನೋಡುತ್ತ, ಈ ಜನರು ಹಿಂದಿನಂತೆಯೇ ಬುಟ್ಟಿ ಹೊತ್ತು ಹತ್ತುತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಡುವ ರಸಿಕನ ಮನಸ್ಸನ್ನೇ ಹೆಚ್ಚು ಪರೀಕ್ಷಿಸಬೇಕಾಗಿದೆ. ತನ್ನ ಕಣ್ಣಿನ ಹಬ್ಬಕ್ಕಾಗಿ ಇನ್ನೊಬ್ಬನು ಬಡವನಾಗಿಯೇ ಇರಲಿ ಎಂದು ಹಾರೈಸುವುದು, ಎಷ್ಟೇ ನಯವಾದ ಮಾತಿನಲ್ಲಿ ಹೇಳಿದರೂ, ಕ್ರೌರ್ಯವೇ. ಸಂಸ್ಕೃತಿಯ ಪ್ರೇಮವೆಂಬ ಹೆಸರಿನಲ್ಲಿ ನಡೆಯುವ ಈ ಕ್ರೌರ್ಯವು ಗುಂಪಿನ ಗದ್ದಲಕ್ಕಿಂತ ಸೂಕ್ಷ್ಮವಾದುದು. ಆದುದರಿಂದ ಹೆಚ್ಚು ಅಪಾಯಕರವಾದುದು. ಗದ್ದಲದವನು ಬೆಟ್ಟವನ್ನು ನೋಡದೆಯೇ ಹೋಗುತ್ತಾನೆ. ಈತನು ಬೆಟ್ಟವನ್ನು ನೋಡಿ, ಅದರ ಮೇಲಿನ ಮನುಷ್ಯನನ್ನು ನೋಡದೆ ಹೋಗುತ್ತಾನೆ.

ಚಿಕ್ಕ ತಂಡವೆಂಬ ಸಮಾಧಾನವನ್ನೂ ಇಲ್ಲಿ ತೂಗಿ ನೋಡಬಹುದು. ಗಯಟೆಯು ಇಟಲಿಗೆ ಹೊರಡುವುದಕ್ಕೆ ಒಂದು ವರ್ಷ ಮೊದಲು, 1785ರಲ್ಲಿ, ಕಾಂಟ್ ಎಂಬ ತತ್ತ್ವಜ್ಞಾನಿಯು ನೀತಿಯ ಮೂಲವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ತಾನು ನಡೆಯುವ ನಿಯಮವನ್ನು ಎಲ್ಲರೂ ಹಿಡಿದು ನಡೆಯಲಿ ಎಂದು ಒಪ್ಪಲಾಗುವುದೆ ಎಂಬುದು ಅವನು ಒಡ್ಡಿದ ಒರೆಗಲ್ಲು. ತನ್ನ ಸೀಮೆಯನ್ನು ಬಿಟ್ಟು ದೂರ ಹೋಗದೆ ಬಾಳಿದ ಆ ಮನುಷ್ಯನ ಪ್ರಶ್ನೆಯು ಯಾತ್ರಿಕನಿಗೇ ಹೆಚ್ಚು ಚುರುಕಾಗಿ ತಾಗುತ್ತದೆ. ಹನ್ನೆರಡು ಮಂದಿಯ ಒಂದು ತಂಡವು ಹಳ್ಳಿಗೆ ಭಾರವಲ್ಲ. ಅಂಥ ನೂರು ತಂಡಗಳು ಒಂದೇ ದಿನ ಇಳಿದರೆ ಅದೇ ಜಾತ್ರೆ. ಪ್ರತಿಯೊಬ್ಬನೂ ಜಾತ್ರೆಯನ್ನು ಹಳಿಯುತ್ತಾನೆ, ಜಾತ್ರೆಯಲ್ಲಿ ತಾನೂ ಒಬ್ಬನೆಂಬುದನ್ನು ಮಾತ್ರ ಎಣಿಸುವುದಿಲ್ಲ. ಶುಲ್ಕವನ್ನು ಏರಿಸಿ ಕೆಲವರನ್ನೇ ಬಿಟ್ಟರೆ ಸರಿಯಾಗುವುದೆ? ಹಾಗಾದರೆ ಚೆಲುವು ಹಣವಂತರ ಸೊತ್ತಾಯಿತು. ದಿನವೆಲ್ಲ ದುಡಿದು ಕೂಡಿಟ್ಟು ಜೀವಮಾನದಲ್ಲಿ ಒಮ್ಮೆ ಜೊತ್ತೊನನ್ನು ಕಾಣಲು ಬರುವ ಶಾಲೆಯ ಉಪಾಧ್ಯಾಯನ ಉಸಿರು, ಪ್ರತಿವರ್ಷ ಬರುವ ಶ್ರೀಮಂತನ ಉಸಿರಿಗಿಂತ ಹೆಚ್ಚು ತೇವವುಳ್ಳದ್ದಲ್ಲ. ಮಿತಿ ಬೇಕು, ಆದರೆ ಮಿತಿಯನ್ನು ಸರದಿಯಿಂದ ಹಂಚಬೇಕು, ಹಣದಿಂದಲ್ಲ. ಮತ್ತೂ ಮುಖ್ಯವಾಗಿ, ಹೊರಗಿನಿಂದ ಹೇರಿದ ಮಿತಿಯನ್ನು ಯಾತ್ರಿಕನು ಒಳಗಿನಿಂದ ಒಪ್ಪಬೇಕು.

ಋಣದ ವಿಚಾರವು ಇಲ್ಲಿ ನೆರವಾಗುತ್ತದೆ. ದೇವಋಣ, ಋಷಿಋಣ, ಪಿತೃಋಣ ಎಂದು ಹಿರಿಯರು ಎಣಿಸಿದ ಮೂರರಲ್ಲಿ ಒಂದನ್ನಾದರೂ ಕೊಟ್ಟವನ ಕೈಗೆ ನಾಣ್ಯವಾಗಿ ಹಿಂದಿರುಗಿಸುವಂತಿಲ್ಲ. ಋಷಿಋಣವು ತೀರುವುದು ಅಧ್ಯಯನದಿಂದ. ಪಿತೃಋಣವು ತೀರುವುದು ಮುಂದಿನವರನ್ನು ಬೆಳೆಸುವುದರಿಂದ. ಪಡೆದುದು ಹಿಂದಿನಿಂದ, ಸಲ್ಲಿಸುವುದು ಮುಂದಕ್ಕೆ. ನೋಟದ ಋಣವೂ ಈ ಜಾತಿಯದೇ. ಹೊರಗಿನವರಲ್ಲಿ ಇದನ್ನು ತೀರಿಸಿದವರೂ ಉಂಟು. 1966ರ ನವೆಂಬರ್ 4ರಂದು ಆರ್ನೋ ನದಿಯು ಉಕ್ಕಿ ಫ್ಲಾರೆನ್ಸನ್ನು ಮುಳುಗಿಸಿತು. ಕೆಲವು ಬೀದಿಗಳಲ್ಲಿ ನೀರು 6 ಮೀಟರಿಗೂ ಮಿಕ್ಕು ಏರಿತು. ಮನೆ ಕಾಯಿಸುವ ಎಣ್ಣೆಯು ಕೆಸರಿನೊಡನೆ ಬೆರೆತು ಎಲ್ಲಕ್ಕೂ ಮೆತ್ತಿಕೊಂಡಿತು. ರಾಷ್ಟ್ರೀಯ ಗ್ರಂಥಾಲಯದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ಪುಸ್ತಕಗಳು ಹಾನಿಗೊಂಡುವು. ಆಗ ಹಲವು ದೇಶಗಳ ತರುಣರು, ಕರೆಯಿಲ್ಲದೆ, ಕೂಲಿಯಿಲ್ಲದೆ ಬಂದು, ಸಾಲಾಗಿ ನಿಂತು ಕೈಯಿಂದ ಕೈಗೆ ಆ ಪುಸ್ತಕಗಳನ್ನು ಮೇಲಕ್ಕೆ ಸಾಗಿಸಿದರು. ಊರಿನವರು ಅವರನ್ನು ಕೆಸರಿನ ದೇವದೂತರೆಂದು ಕರೆದರು. ಅವರು ತಿಥಿಯಿಲ್ಲದೆ ಬಂದವರು. ಆದುದರಿಂದ ನಿಜವಾದ ಅತಿಥಿಗಳು.

ಅದೇ ನೆರೆಯಲ್ಲಿ ಸಾಂತಾ ಕ್ರೋಚೆಯ ವಸ್ತುಸಂಗ್ರಹಾಲಯದಲ್ಲಿದ್ದ ಒಂದು ದೊಡ್ಡ ಶಿಲುಬೆಯು ಕೆಟ್ಟಿತು. ಜೊತ್ತೊನ ಗುರುವೆಂದು ಹೆಸರಾದ ಚಿಮಬೂಯೆಯು ಹದಿಮೂರನೆಯ ಶತಮಾನದಲ್ಲಿ ಅದನ್ನು ಬರೆದಿದ್ದನು. ಅರ್ಧಕ್ಕೂ ಹೆಚ್ಚು ಬಣ್ಣವು ನೀರಿನಲ್ಲಿ ಹೋಯಿತು. ಹತ್ತು ವರ್ಷದ ಕೆಲಸದ ಬಳಿಕ 1976ರಲ್ಲಿ ಅದು ಮತ್ತೆ ಜನರ ಮುಂದೆ ಬಂದಾಗ, ಸರಿಪಡಿಸಿದವರು ಹೋದ ಮುಖವನ್ನು ತಾವಾಗಿ ಬರೆದು ತುಂಬಿರಲಿಲ್ಲ. ಬಣ್ಣ ಹೋದೆಡೆಯಲ್ಲೆಲ್ಲ, ಉಳಿದ ಬಣ್ಣಗಳಿಗೆ ಹೊಂದುವ ಸಣ್ಣ ಸಣ್ಣ ಗೆರೆಗಳನ್ನು ಮಾತ್ರ ಎಳೆದಿದ್ದರು. ದೂರದಿಂದ ನೋಡಿದವನಿಗೆ ಚಿತ್ರವು ಒಂದಾಗಿ ಕಾಣುತ್ತದೆ. ಹತ್ತಿರ ಬಂದವನಿಗೆ ನಷ್ಟವು ನಷ್ಟವಾಗಿಯೇ ಕಾಣುತ್ತದೆ. ನೆರೆಯು ಬರಲಿಲ್ಲವೆಂದು ನಟಿಸುವ ಸುಳ್ಳು ಅಲ್ಲಿಲ್ಲ. ಎಲ್ಲವೂ ಹೋಯಿತೆಂಬ ಹತಾಶೆಯೂ ಇಲ್ಲ. ಯಾತ್ರಿಕನು ತಾನು ಕಂಡ ನಾಡಿನ ವಿಷಯದಲ್ಲಿ ಇಟ್ಟುಕೊಳ್ಳಬೇಕಾದ ಮನೋಭಾವಕ್ಕೆ ಇದಕ್ಕಿಂತ ಒಳ್ಳೆಯ ಮಾದರಿಯು ದೊರೆಯಲಾರದು.

ನೆರೆ ಬರುವವರೆಗೆ ಯಾರೂ ಕಾಯಬೇಕಾಗಿಲ್ಲ. ಋಣವನ್ನು ಸಲ್ಲಿಸುವ ಸಾಧಾರಣ ದಾರಿಗಳೂ ಇವೆ. ಹೋಗುವ ಮೊದಲು ಓದುವುದು. ಐದು ಹಳ್ಳಿಗಳನ್ನು ಒಂದು ದಿನದಲ್ಲಿ ಮುಗಿಸುವ ಬದಲು ಒಂದರಲ್ಲಿ ಐದು ದಿನ ನಿಲ್ಲುವುದು. ಜನಸಂದಣಿಯ ತಿಂಗಳನ್ನು ಬಿಡುವುದು. ಮೆಟ್ಟಿಲುಹೊಲವನ್ನು ಇನ್ನೂ ಬಿಡದೆ ಉಳುವವನು ಬೆಳೆದ ದ್ರಾಕ್ಷಿಗೂ ಎಣ್ಣೆಗೂ, ಮೊಂತೆರೊಸ್ಸೊದ ಬೆಸ್ತನು ಉಪ್ಪಿನಲ್ಲಿಟ್ಟ ಸಣ್ಣ ಮೀನಿಗೂ ಚೌಕಾಸಿ ಮಾಡದೆ ಬೆಲೆ ಕೊಡುವುದು. ಬಿದ್ದ ಗೋಡೆಯನ್ನು ಎತ್ತಲು ಜನ ಬೇಕೆಂದಾಗ ಒಂದು ದಿನ ಕಲ್ಲು ಹೊರುವುದು. ಸರದಿಯು ಬಾರದಿದ್ದರೆ ನೋಡದೆಯೇ ಹಿಂದಿರುಗಲು ಸಿದ್ಧನಾಗಿರುವುದು. ಕೊನೆಯದೇ ಎಲ್ಲಕ್ಕಿಂತ ಕಷ್ಟ. ಚೆಲುವನ್ನು ಪ್ರೀತಿಸುವೆನೆನ್ನುವವನು ಅದರ ಒಳಿತಿಗಾಗಿ ಅದರಿಂದ ದೂರವಿರಲು ಒಪ್ಪುವನೆ ಎಂಬುದೇ ಆ ಪ್ರೀತಿಗೆ ಒರೆ.

ಪಾಡುವಾದ ಆ ಗಾಜಿನ ಕೊಠಡಿಯಲ್ಲಿ ಕಾಲು ಗಂಟೆ ಕೂರಿಸುವುದನ್ನು ಹಲವರು ಕಾಲಹರಣವೆಂದು ಬಗೆದು ಗಡಿಯಾರವನ್ನು ನೋಡುತ್ತಾರೆ. ದೇವಸ್ಥಾನದ ಹೊರಗೆ ಕಾಲು ತೊಳೆದು ಒಳಗೆ ಹೋಗುವ ಜನಕ್ಕೆ ಅದರ ಅರ್ಥವು ಬೇಗ ತಿಳಿಯಬೇಕು. ಒಳಗಿರುವುದನ್ನು ಕಾಯಬೇಕಾದುದು ತನ್ನಿಂದಲೇ ಎಂದು ಅರಿತು, ಸುಮ್ಮನೆ, ಉಸಿರನ್ನು ಹದಕ್ಕೆ ತಂದುಕೊಳ್ಳುತ್ತ ಕುಳಿತವನಿಗೆ ಯಾತ್ರೆಯ ಮುಖ್ಯ ಭಾಗವು ಬಾಗಿಲು ತೆರೆಯುವ ಮೊದಲೇ ದೊರೆತಿರುತ್ತದೆ. ಆಮೇಲೆ ಕಾಣುವ ನೀಲಿಯ ಮಾಳಿಗೆಯೂ ತಾಯಿಯ ಮುಖವೂ ಅವನಿಗೆ ಕೊಂಡ ಸರಕಲ್ಲ, ಮುಂದಿನವರಿಂದ ಕೆಲವು ನಿಮಿಷಗಳ ಮಟ್ಟಿಗೆ ಪಡೆದ ಕಡ. ದೇಶ ಸುತ್ತಬೇಕೆಂಬ ಗಾದೆಯು ಸುಳ್ಳಲ್ಲ. ಸುತ್ತಿ ಬಂದವನು ತಂದುದೇನೆಂದು ಊರಿನವರು ಕೇಳುವುದು ವಾಡಿಕೆ. ಅಲ್ಲಿ ಉಳಿಸಿ ಬಂದುದೇನೆಂದು ಅವನೇ ತನ್ನನ್ನು ಕೇಳಿಕೊಂಡರೆ ಗಾದೆಯ ಅರ್ಥವು ತುಂಬುತ್ತದೆ.